ರೈಟ್, ಹೋಲ್ಡಾನ್

ಸೆಪ್ಟೆಂಬರ್ ೧೧, ಬೆಳಿಗ್ಗೆ

ಸಿಮ್ಯುಲೇಷನ್ ಮತ್ತೆ ಅರ್ಧಕ್ಕೇ ನಿಂತಿತ್ತು. ಮೆಮೊರಿ ಸಾಲಲಿಲ್ಲವಂತೆ. ಇನ್ನೊಮ್ಮೆ ಓಡಿಸಿ ಬಂದೆ. ನನ್ನ ಥೀಸಿಸ್ಸೇ ಮೆಮೊರಿಯದು — ಪ್ರೊಸೆಸರ್ ಮುಂದೆ ಏನು ಕೇಳುತ್ತದೆಂದು ಊಹಿಸಿ ಮೊದಲೇ ತಂದಿಡುವುದು. ಊಟಕ್ಕೆ ಕೂತವರು ಕೇಳುವ ಮುಂಚೆ ಬಡಿಸಿದ ಹಾಗೆ, ಎಂದು ಅಪ್ಪನಿಗೆ ಬಿಡಿಸಿ ಹೇಳಿದ್ದೆ. "ಹಾಗಾದ್ರೆ ನಿಮ್ಮಮ್ಮಂಗೆ ಡಿಗ್ರಿ ಬೇಕಾಗಿಲ್ಲ ಬಿಡು" ಎಂದಿದ್ದರು.

ನಿನ್ನೆ ಗೈಡ್ ನಿಕ್ಕಿಯಾದರು. ನಮ್ಮ ಭಾಷೆಯವರು! ಈ ಪರದೇಶಕ್ಕೆ ಬಂದು ಅರ್ಧ ಆಯಸ್ಸಾದರೂ ಕನ್ನಡ ಒಂಚೂರೂ ಮುಕ್ಕಾಗಿಲ್ಲ. "ಕಿವಿ ತುಕ್ಕು ಹಿಡಿದಿತ್ತು ಕಂದ, ಈಗ ಎಣ್ಣೆ ಬಿಟ್ಟ ಹಾಗಾಯ್ತು" ಎಂದರು ಮೇಡಂ. ಮನೆಯವರನ್ನೆಲ್ಲ ವಿಚಾರಿಸಿದರು. ಅಪ್ಪ ಬಸ್ ಕಂಡಕ್ಟರ್ ಎಂದೆ. ಹೌದಾ, ಎಂದರು.

ಫೋನಿನಲ್ಲಿ ಹೇಳಿದೆ, ಅಪ್ಪನಿಗೆ ಖುಷಿಯೋ ಖುಷಿ. "ಅನ್ನ ಹಾಕೋ ಕೈ ಎಲ್ಲಾದ್ರೂ ಸಿಗುತ್ತೆ ಪುಟ್ಟಿ, ತಲೆ ಸವರೋ ಕೈ ಸಿಗಲ್ಲ. ಅವರನ್ನ ಬಿಡಬೇಡ."

ಅಕ್ಟೋಬರ್ ೩

ಲ್ಯಾಬ್ ಮೀಟಿಂಗ್. ಗ್ರಾಫಿನ ಒಂದು ಬದಿಗೆ ಹೆಸರು ಹಾಕಲು ಮರೆತಿದ್ದೆ. ಮೇಡಂ ಎದ್ದು ಬಂದು ಹೆಗಲ ಮೇಲೆ ಕೈಯಿಟ್ಟರು. ಎಲ್ಲರ ಮುಂದೆ, ನಗುನಗುತ್ತ, ಕನ್ನಡದಲ್ಲಿ: "ಕೂಳಿಗೆ ದಂಡ, ಭೂಮಿಗೆ ಭಾರ ಅಂತ ನಿನ್ನಂಥೋರನ್ನ ನೋಡೇ ಹೇಳಿರೋದು ಕಂದ."

ದನಿ ಜೋಗುಳದ್ದು. ಸುತ್ತ ಕೂತವರೆಲ್ಲ ನಕ್ಕರು, ಒಳ್ಳೆಯ ಮನಸ್ಸಿನಿಂದಲೇ.

ಆಮೇಲೆ ಕಾಫಿ ಯಂತ್ರದ ಬಳಿ ಉದ್ದಣ್ಣ. (ಪಿಎಚ್‌ಡಿ ಮಾಡುವವನು, ಇನ್ಯಾವುದೋ ದೇಶದವನು, ಬಾಗಿಲು ದಾಟಲು ತಲೆ ತಗ್ಗಿಸಬೇಕು, ಹೆಸರು ನಾನೇ ಇಟ್ಟದ್ದು.) ತನ್ನ ಭಾಷೆಯಲ್ಲಿ ತನ್ನನ್ನು ಮಾತಾಡಿಸುವವರು ಇಲ್ಲಿ ಒಬ್ಬರೂ ಇಲ್ಲ, ನೀನು ಪುಣ್ಯವಂತೆ ಎಂದ. ಹೌದು ಎಂದೆ. ಮತ್ತೇನನ್ನಲಿ?

ತಮಾಷೆಯಿರಬೇಕು. ಸೋದರತ್ತೆ ಇದಕ್ಕಿಂತ ಹೆಚ್ಚು ಬೈಯುತ್ತಿದ್ದರು. ಆದರೆ ಬೈದ ಮೇಲೆ ಬಡಿಸುತ್ತಿದ್ದರು.

ಅಕ್ಟೋಬರ್ ೨೪

ಇವತ್ತು ಹೊಸದು. ಸ್ಲೈಡ್ ತೆರೆದು ಬಾಯಿ ತೆರೆದೆ. "ಹೋಲ್ಡಾನ್" ಎಂದರು. ನಿಂತೆ. ಸುಮ್ಮನೆ ನೋಡುತ್ತ ಕೂತರು. ಆಮೇಲೆ "ರೈಟ್". ಶುರು ಮಾಡಿದೆ. ಎರಡು ಮಾತಾಡುವಷ್ಟರಲ್ಲಿ ಮತ್ತೆ "ಹೋಲ್ಡಾನ್". ರೈಟ್. ಹೋಲ್ಡಾನ್. ರೈಟ್.

ಆಗ ತಲೆಗೆ ಹೊಳೆಯಿತು. ಎಳೆದು ಹೇಳುವ ಆ ರಾಗ. ಬಸ್ಸಿನ ರಾಗ. ನನ್ನ ಅಪ್ಪನ ರಾಗ.

ಹೊರಬರುವಾಗ ಕಿವಿಯ ಹತ್ತಿರ: "ಮನೆ ಮಾತಲ್ಲೇ ಹೇಳಿದ್ರೆ ಬೇಗ ಅರ್ಥ ಆಗುತ್ತೆ ಅಂತ. ಟಿಕೆಟ್ ಹರಿಯೋ ಮನೆತನಕ್ಕೆ ಥೀಸಿಸ್ ಯಾಕೆ ಕಂದ?"

ಉಳಿದವರ ಕಿವಿಗೆ ಬಿದ್ದದ್ದು ಎರಡು ಇಂಗ್ಲಿಷ್ ಪದ. ತಾಳು. ಸರಿ. ಅಷ್ಟೇ.

ನವೆಂಬರ್ ೧೫

ಬರೆಯಲು ಮನಸ್ಸಿರಲಿಲ್ಲ. ಮೀಟಿಂಗಿನಲ್ಲಿ ಗೊತ್ತಿರುವುದನ್ನೂ ತೊದಲುತ್ತೇನೆ. ತೊದಲಿದರೆ ಅವರಿಗೆ ಹಬ್ಬ.

ಮಧ್ಯಾಹ್ನ ಲ್ಯಾಬ್‌ನಲ್ಲಿದ್ದಾಗ ಅಪ್ಪನ ವೀಡಿಯೊ ಕಾಲ್. ಮೇಡಂ ಹಿಂದಿನಿಂದ ಬಗ್ಗಿ ಮುಖ ತೂರಿಸಿದರು. "ನಮಸ್ಕಾರ ಯಜಮಾನ್ರೇ. ನಿಮ್ಮ ಮಗಳು ಅಪರಂಜಿ. ನಾನಿದ್ದೀನಿ, ಯೋಚನೆ ಬಿಡಿ."

ಅಪ್ಪ ಗೌರವಕ್ಕೆ ಎದ್ದು ನಿಂತುಬಿಟ್ಟರು. ಫೋನಿನಲ್ಲಿ ಅವರ ಬೆಲ್ಟ್ ಮಾತ್ರ ಕಾಣುತ್ತಿತ್ತು. "ನಿಮ್ಮ ಮಡಿಲಿಗೆ ಹಾಕಿದ್ದೀನಿ ತಾಯಿ" ಎಂದಿತು ಬೆಲ್ಟು. ನಂಬರ್ ಕೊಟ್ಟು ತೆಗೆದುಕೊಂಡರು ಇಬ್ಬರೂ.

ಕಾಲ್ ಮುಗಿಯಿತು. "ಕೂತು ಮಾತಾಡೋದೂ ಗೊತ್ತಿಲ್ವಲ್ಲ ಪಾಪ. ಬಸ್ಸಲ್ಲಿ ನಿಂತೂ ನಿಂತೂ... ಹುಟ್ಟುಗುಣ ಸುಟ್ಟರೂ ಹೋಗಲ್ಲ" ಎಂದು ಕೆನ್ನೆ ತಟ್ಟಿದರು. ದೂರದಿಂದ ನೋಡುತ್ತಿದ್ದ ಉದ್ದಣ್ಣನ ಕಣ್ಣು ತುಂಬಿ ಬಂದಿತ್ತು. ಅವನಿಗೆ ಅವನ ಮನೆ ನೆನಪಾಗಿತ್ತಂತೆ.

ಜನವರಿ ೨೦

ಗೈಡ್ ಬದಲಾಯಿಸಿ ಎಂದು ವಿಭಾಗದ ಕಚೇರಿಯಲ್ಲಿ ಕೇಳಿದೆ. ಈ ಹಂತದಲ್ಲಿ ಕಾರಣವಿಲ್ಲದೆ ಆಗುವುದಿಲ್ಲ ಎಂದರು. ಕಾರಣ ಬರೆದುಕೊಟ್ಟೆ. ಅದು ದೂರು ಅರ್ಜಿಯಾಯಿತು. ದೂರಿಗೆ ಸಾಕ್ಷಿ ಬೇಕಾಯಿತು.

ಕನ್ನಡ ಬಲ್ಲವಳು ಇನ್ನೊಬ್ಬಳಿದ್ದಾಳೆ. ಈ ತಿಂಗಳಷ್ಟೇ ಲ್ಯಾಬ್‌ಗೆ ಬಂದ ಜೂನಿಯರ್. ಮೊನ್ನೆ ಮೇಡಂ ನನಗೆ ಅಂದದ್ದು ಕೇಳಿ ಅವಳ ಕೈಯಿಂದ ಪೆನ್ನು ಬಿತ್ತು. ಮೆಟ್ಟಿಲ ಹತ್ತಿರ ಓಡಿಬಂದು ಕೈ ಹಿಡಿದಳು. "ಅಕ್ಕ, ಹೇಗೆ ತಡ್ಕೊಂಡಿದ್ದೀರ? ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ ನಾನು."

ಆನೆ ಬಲ ಬಂತು.

ಫೆಬ್ರವರಿ ೧೨, ಮಧ್ಯಾಹ್ನ

ವಿಚಾರಣೆ. ಮೂವರು ಪ್ರೊಫೆಸರುಗಳು, ಉದ್ದ ಮೇಜು. ಮೇಡಂ ಅಂದ ಮಾತನ್ನೆಲ್ಲ ಇಂಗ್ಲಿಷಿಗೆ ಮಾಡಿ ಹೇಳು ಎಂದರು. ಮಾಡಿದೆ. ಊಟಕ್ಕೆ ನಷ್ಟ, ನೆಲಕ್ಕೆ ತೂಕ. ಎಷ್ಟು ಸೊಗಸಾದ ಭಾಷೆ ಎಂದರು ಒಬ್ಬಾಕೆ. ಕಂದ ಎಂದರೇನು? ಮಗು. ಮೂವರೂ ಮುಖ ಮುಖ ನೋಡಿಕೊಂಡರು. ಟಿಕೆಟ್ಟಿನ ಮಾತು ಕಿವಿಯಲ್ಲಿ ಅಂದದ್ದು, ಬೇರೆ ಯಾರೂ ಕೇಳಿಲ್ಲವಲ್ಲ ಎಂದರು. ಹೋಲ್ಡಾನ್ ಮತ್ತು ರೈಟ್‌ನಲ್ಲಿ ಅವಮಾನ ಯಾವುದು? ಅಪ್ಪ, ಬಸ್ಸು, ರಾಗ ಎಂದು ವಿವರಿಸತೊಡಗಿದೆ. ಹೇಳುತ್ತ ಹೇಳುತ್ತ ನನ್ನ ಮಾತು ನನಗೇ ಹುಚ್ಚಿಯ ಮಾತಿನಂತೆ ಕೇಳಿಸಿತು.

ಜೂನಿಯರ್ ಒಳಬಂದಳು. ನನ್ನ ಕಡೆ ನೋಡಲಿಲ್ಲ. ನಮ್ಮಲ್ಲಿ ಹಿರಿಯರು ಪ್ರೀತಿಯಿದ್ದವರನ್ನೇ ಹೀಗೆ ಗದರುವುದು ಎಂದಳು. ನನಗಂತೂ ಅಜ್ಜಿ ನೆನಪಾಗುತ್ತಾರೆ ಎಂದಳು.

ಹೊರಗೆ ಕೈತೊಳೆಯುವಲ್ಲಿ ಸಿಕ್ಕಳು. "ಮೇಡಂ ನನಗೆ ಲ್ಯಾಬ್‌ನಲ್ಲಿ ಕೆಲಸ ಕೊಡ್ತಾರಂತೆ ಅಕ್ಕ. ಇಲ್ದಿದ್ರೆ ನಾನು ಓದು ಬಿಟ್ಟು ವಾಪಸ್ ಹೋಗ್ಬೇಕು. ನೀವು ಹೇಗಿದ್ರೂ ಮುಗಿಸಿ ಹೋಗೋರು ತಾನೆ?" ಟಿಶ್ಯೂ ಎಳೆದು ನನಗೆ ಕೊಟ್ಟಳು. ನಾನು ಅಳುತ್ತಿರಲಿಲ್ಲ. ವಾಪಸ್ ತೆಗೆದುಕೊಂಡು ತಾನೇ ಒರೆಸಿಕೊಂಡಳು.

ಫೆಬ್ರವರಿ ೨೧

ತೀರ್ಪು ಬಂತು. ಸಂಸ್ಕೃತಿಯ ತಪ್ಪು ತಿಳಿವಳಿಕೆಯಂತೆ. ಇನ್ನು ಮುಂದೆ ನಾವಿಬ್ಬರೂ ಇಂಗ್ಲಿಷಿನಲ್ಲೇ ಮಾತಾಡಬೇಕಂತೆ. ಗೈಡ್ ಅವರೇ.

ಮಾರ್ಚ್ ೬

ಮೇಡಂ ಈಗ ಕೋಣೆಯ ಬಾಗಿಲು ತೆರೆದಿಟ್ಟೇ ಕೂರುತ್ತಾರೆ. ಅಚ್ಚ ಇಂಗ್ಲಿಷ್. ಪ್ಲೀಸ್, ಥ್ಯಾಂಕ್ಯೂ. ನನ್ನ ಥೀಸಿಸ್ ಈ ಸೆಮಿಸ್ಟರಿಗೆ ಸಿದ್ಧವಿಲ್ಲ ಎಂದು ಮೆತ್ತಗೆ ತಿಳಿಸಿದರು. ಸಹಿ ಹಾಕುವುದಿಲ್ಲ. ನನ್ನ ವೀಸಾ ಬೇಸಿಗೆಗೆ ಮುಗಿಯುವುದು ಅವರಿಗೆ ಗೊತ್ತು. ಗೊತ್ತು ಎಂಬುದು ನನಗೂ ಗೊತ್ತಾಗಲೆಂದು ಕ್ಯಾಲೆಂಡರ್ ಕಡೆ ನೋಡಿದರು.

ಎದ್ದಾಗ ಇನ್ನೊಂದು ಹೇಳಿದರು. ನಿನ್ನ ತಂದೆಯ ಜೊತೆ ಮಾತಾಡಿದೆ. ಅತ್ತರು. ಕ್ಷಮೆ ಕೇಳಿದರು. ತುಂಬ ಒಳ್ಳೆಯ ಮನುಷ್ಯ. ಎಲ್ಲ ಇಂಗ್ಲಿಷಿನಲ್ಲಿ. ನಿಯಮ ಒಂದಿಷ್ಟೂ ಮುರಿಯಲಿಲ್ಲ.

ಮಾರ್ಚ್ ೭, ಸಂಜೆ

ದೂರಿನ ವಿಷಯ ಮನೆಗೆ ಹೇಳಿರಲಿಲ್ಲ. ಮೇಡಮ್ಮೇ ಫೋನ್ ಮಾಡಿ ಹೇಳಿದ್ದಾರೆ.

"ಅವರು ಬೈಯಲಿಲ್ಲ ಪುಟ್ಟಿ, ನೊಂದ್ಕೊಂಡ್ರು" ಎಂದರು ಅಪ್ಪ. ದನಿ ಕೂತುಹೋಗಿತ್ತು. "ಮಗಳ ಹಾಗೆ ನೋಡ್ಕೊಂಡೆ, ಹೀಗೆ ಮಾಡಿದ್ಲು ಅಂದ್ರು. ನಾನೇ ಕೇಳ್ಕೊಂಡೆ, ಮಗು ತಪ್ಪು ಹೊಟ್ಟೆಗೆ ಹಾಕ್ಕೊಳ್ಳಿ, ಅವಳ ಓದು ಕೆಡಿಸಬೇಡಿ ಅಂತ."

"ಯಾಕಪ್ಪ ಕೇಳಿದ್ರಿ?"

"ನನಗೇನು ಹೊಸದಾ? ಬಸ್ಸಲ್ಲಿ ಹತ್ತಿದೋರೆಲ್ಲ ಒಂದೊಂದು ಅಂದು ಇಳಿದು ಹೋಗ್ತಾರೆ. ನುಂಗಿ ಅಭ್ಯಾಸ."

 ಆಮೇಲೆ ಅವರೇ ಮುಂದುವರಿಸಿದರು:

"ಆದ್ರೆ ನಿನ್ನೆಯಿಂದ ನಿದ್ದೆ ಇಲ್ಲ. ನೀನು ಸುಳ್ಳು ಹೇಳೋಳಲ್ಲ. ಅಂಥಾದ್ದೇನು ಅಂದ್ರು ಅವರು? ನನ್ನ ಹತ್ರ ಹೇಳು. ತಪ್ಪು ಅವರದ್ದಾದ್ರೆ ಕ್ಷಮೆ ಕೇಳಿದ್ದು ವಾಪಸ್ ತಗೋತೀನಿ. ಈಗಲೇ ಫೋನ್ ಮಾಡ್ತೀನಿ."

ಹಿಂದೆ ಅಮ್ಮ ಪಾತ್ರೆ ತೊಳೆಯುವ ಸದ್ದು ನಿಂತಿತು. ಇಬ್ಬರೂ ಕಾಯುತ್ತಿದ್ದರು. ಇಲ್ಲಿ ಇಂಗ್ಲಿಷಿಗೆ ಮಾಡುವ ಕಷ್ಟವಿಲ್ಲ. ಅಂದದ್ದನ್ನು ಅಂದ ಹಾಗೇ ಅಂದರೆ ಸಾಕು, ಒಂದು ಅಕ್ಷರವೂ ಕಳೆಯದೆ ಅಪ್ಪನಿಗೆ ಅರ್ಥವಾಗುತ್ತದೆ.

"ನನಗಲ್ಲ ಅಪ್ಪ ಅಂದಿದ್ದು" ಎಂದೆ.

"ಮತ್ಯಾರಿಗೆ ಪುಟ್ಟಿ?"

ನಾನು — ಇಲ್ಲಿ ಬರೆದಷ್ಟು ಸುಲಭವಲ್ಲ, "ನಿಮಗೆ" ಎನ್ನುವುದು.