ಹೊಳೆ ಮುಗಿಯಲಿ ಎಂದು ಕಾದ ಪ್ರೋಗ್ರಾಮ್

ಮನೆಯಿಂದ,
ಜುಲೈ 9, ಗುರುವಾರ ಬೆಳಿಗ್ಗೆ

ಪ್ರೀತಿಯ ಅಪ್ಪಾ,

ಹೇಗಿದ್ದೀಯಾ? ಮೊಣಕಾಲು ನೋವು ಕಡಿಮೆಯಾಯಿತೇ? ಕಡಿಮೆಯಾಗಿದೆ ಎಂದು ನೀನು ಹೇಗೂ ಬರೆಯುತ್ತೀಯ, ನಾವು ಹೇಗೂ ನಂಬುವುದಿಲ್ಲ. ಅಮ್ಮ ಕೊಟ್ಟ ಎಣ್ಣೆಯ ಬಾಟಲಿಯ ಮುಚ್ಚಳವನ್ನೂ ನೀನು ತೆರೆದಿರಲಿಕ್ಕಿಲ್ಲ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ನೀನಿಲ್ಲದೆ ಹಾಯಾಗಿದ್ದೇನೆ ಎಂದು ಅಮ್ಮ ಕಂಡವರಿಗೆಲ್ಲ ಹೇಳುತ್ತಾಳೆ. ಮನೆಗೆ ಬಂದರೆ "ಅವರಿಗೆ ಅಲ್ಲಿ ಊಟ ಸೇರುತ್ತೋ ಇಲ್ವೋ" ಎಂದು ನನ್ನ ತಲೆ ತಿನ್ನುತ್ತಾಳೆ.

ವಿಷಯಕ್ಕೆ ಬರುತ್ತೇನೆ. ಹೊಳೆಯ ನೀರು ಏರಿದರೆ ನಮ್ಮ ಕಚೇರಿಯಲ್ಲಿ ತಾನಾಗಿಯೇ ಗಂಟೆ ಬಾರಿಸುವ ಪ್ರೋಗ್ರಾಮ್ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ ಎಂದು ಹಿಂದೆಯೇ ತಿಳಿಸಿದ್ದೆನಲ್ಲ. ಅದು ಸರಿಯಾಗಿ ನಡೆದರೆ ಹೊಳೆ ದಂಡೆಯ ನಿನ್ನ ಕಾವಲು ಕೋಣೆಯಲ್ಲಿ ಹೊತ್ತುಹೊತ್ತಿಗೆ ಎದ್ದು ನೀರಿನ ಮಟ್ಟ ನೋಡಲು ಯಾರೂ ಬೇಕಿಲ್ಲ. ನೀನು ಮನೆಗೆ ಬಂದು ಇಲ್ಲಿನ ಕಚೇರಿಯಲ್ಲೇ ಕೆಲಸ ಮಾಡಬಹುದು. ನಡೆಯದಿದ್ದರೆ ಇನ್ನೊಂದು ವರ್ಷ ನೀನು ಅಲ್ಲೇ. ಇವತ್ತು ಮಧ್ಯಾಹ್ನ ಪ್ರೋಗ್ರಾಮಿನ ಪರೀಕ್ಷೆ. ಆದರೂ ಖುಷಿಯಾಗಿದ್ದೇನೆ. ಯಾಕೆಂದರೆ ನಿನ್ನೆ ನನ್ನ ತಪ್ಪು ಕೈಗೆ ಸಿಕ್ಕಿತು.

ಮೊದಲು ನಾನು ಒಂದೇ ಲೆಕ್ಕಕ್ಕೆ ಮೂರು ಫಂಕ್ಷನ್, ಅಂದರೆ ಪ್ರೋಗ್ರಾಮಿನೊಳಗೆ ಒಂದು ಲೆಕ್ಕ ಮಾಡುವ ಸಾಲುಗಳ ಕಂತೆ, ಬರೆದಿದ್ದೆ. ಫೈಲಿನಲ್ಲಿರುವ ಹಳೆಯ ಅಳತೆಗಳಿಗೆ ಒಂದು, ಕಂಪ್ಯೂಟರಿನ ನೆನಪಿನಲ್ಲಿರುವ ಪಟ್ಟಿಗೆ ಒಂದು, ಹೊಳೆಯಿಂದ ನೇರವಾಗಿ ಬರುವ ಅಳತೆಗಳಿಗೆ ಇನ್ನೊಂದು. ನಮ್ಮ ಮೇಡಂ ನೋಡಿ, "ಒಂದೇ ಮಾತನ್ನ ಮೂರು ಕಡೆ ಯಾಕಮ್ಮಾ ಬರೀತೀಯ? ಇಟರೇಟರ್ ತಗೊಳ್ಳೋ ಹಾಗೆ ಒಂದೇ ಫಂಕ್ಷನ್ ಬರಿ" ಅಂದರು. ಹೆಸರು ಕೇಳಿ ಹೆದರಬೇಡ. ಅಮ್ಮ ಒಗೆದ ಬಟ್ಟೆ ಮಡಚುವುದನ್ನು ನೆನಪಿಸಿಕೋ. ಬಟ್ಟೆ ಬುಟ್ಟಿಯಿಂದ ಬಂತೋ ಹಗ್ಗದಿಂದ ಬಂತೋ ಅವಳಿಗೆ ಬೇಕಿಲ್ಲ. "ಮುಂದಿನದು ಕೊಡು" ಅನ್ನುತ್ತಾಳೆ, ಮಡಚುತ್ತಾಳೆ. ಹಾಗೆ ಕೇಳಿದಾಗಲೆಲ್ಲ ಮುಂದಿನದನ್ನು ಕೊಡುವುದೇ ಇಟರೇಟರ್. ಎಲ್ಲಿಂದ ಬಂದರೂ ಸರಿ, ಬರುವುದು ಬಟ್ಟೆಯೇ ಆಗಿರಬೇಕು ಎಂಬ ಷರತ್ತನ್ನು ಮಾತ್ರ ಮೊದಲೇ ಬರೆದಿಡಬೇಕು. ನಾನು ಸಂಖ್ಯೆಯೇ ಆಗಿರಬೇಕು ಎಂದು ಬರೆದೆ. ನಡುವೆ ಬೇರೇನಾದರೂ ನುಸುಳಿದರೆ ನಾನು ಪ್ರೋಗ್ರಾಮ್ ಬರೆಯುವ ರಸ್ಟ್ ಭಾಷೆಯ ಕಂಪೈಲರ್, ಅಂದರೆ ಬರೆದದ್ದನ್ನು ಓಡಿಸುವ ಮೊದಲೇ ತಪ್ಪು ಹುಡುಕುವ ಯಂತ್ರದ ಮೇಷ್ಟ್ರು, ಬಾಗಿಲಲ್ಲೇ ತಡೆಯುತ್ತದೆ. ಅದು ನಿನ್ನ ಅಕ್ಕನಿಗಿಂತ ಕಟ್ಟುನಿಟ್ಟು. ಇದನ್ನು ಅತ್ತೆಗೆ ಹೇಳಬೇಡ.

ಹೊಸ ಫಂಕ್ಷನ್ನಿಗೆ ಹಳೆಯ ಅಳತೆ ಕೊಟ್ಟರೆ ಗಂಟೆ ಠಣ್ ಎಂದಿತು. ಪಟ್ಟಿ ಕೊಟ್ಟರೂ ಠಣ್. ಮಳೆಗೆ ನೀರು ಏರುತ್ತಿದ್ದಾಗ ಹೊಳೆಗೆ ಜೋಡಿಸಿದರೆ ಮಾತ್ರ ತುಟಿಪಿಟಕ್ಕೆನ್ನಲಿಲ್ಲ. ಮಾತೆತ್ತಿದರೆ ತಕರಾರು ತೆಗೆಯುವ ಕಂಪೈಲರ್ ಕೂಡ ಸುಮ್ಮನಿತ್ತು. ತಲೆ ಕೆರೆದು ಕೆರೆದು ಸಾಕಾಗಿ ಕೊನೆಗೆ ನೋಡಿದರೆ, ಬರುವ ಅಳತೆಗಳನ್ನೆಲ್ಲ ಮೊದಲು ಒಟ್ಟುಮಾಡಿಕೋ, ಆಮೇಲೆ ಲೆಕ್ಕ ಶುರುಮಾಡು ಎಂದು ಮೊದಲ ಸಾಲಿನಲ್ಲೇ ಬರೆದಿದ್ದೇನೆ. ಫೈಲಿಗೆ ಕೊನೆಯಿದೆ, ಪಟ್ಟಿಗೆ ಕೊನೆಯಿದೆ. ಹೊಳೆಗೆಲ್ಲಿದೆ? ಪಾಪ, ನನ್ನ ಪ್ರೋಗ್ರಾಮ್ ಹೊಳೆ ಮುಗಿಯಲಿ ಎಂದು ಕಾಯುತ್ತಾ ಕೂತಿತ್ತು. ಮೇಡಂ ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಪಕ್ಕದ ಮೇಜಿನಲ್ಲಿ ನಕ್ಷೆ ಬರೆಯುವವರು "ಬಿಡಿ, ಹೊಳೆ ಬತ್ತಿದ ಮೇಲೆ ನೆರೆ ಬಂತು ಅಂತ ಗಂಟೆ ಹೊಡೆಯುತ್ತೆ" ಅಂದರು. ಆ ಸಾಲನ್ನು ಕಿತ್ತುಹಾಕಿದೆ. ಈಗ ಅದು ಒಂದೊಂದೇ ಅಳತೆ ಕೇಳುತ್ತದೆ, ಹಿಂದಿನ ಎರಡನ್ನು ಮಾತ್ರ ನೆನಪಿಟ್ಟುಕೊಳ್ಳುತ್ತದೆ, ನೀರು ಏರುತ್ತಲೇ ಇದ್ದರೆ ಗಂಟೆ ಬಾರಿಸಬೇಕು. ಹೊಳೆಗೆ ಜೋಡಿಸಿ ಇನ್ನೂ ನೋಡಿಲ್ಲ.

ಸಂಜೆ ನಿನ್ನ ಕಡೆಗೆ ಸಾಮಾನಿನ ಜೀಪು ಹೊರಡುತ್ತದೆ, ಈ ಕಾಗದ ಅದರಲ್ಲೇ ಬರುತ್ತದೆ. ನಿನ್ನ ಆಶೀರ್ವಾದ ಬೇಕು ಅಪ್ಪಾ. ಕಾಗದ ನಿನಗೆ ತಲುಪುವಷ್ಟರಲ್ಲಿ ಪರೀಕ್ಷೆ ಮುಗಿದಿರುತ್ತದೆ, ಹಾಗಾಗಿ ಕೇಳದೆಯೇ ತೆಗೆದುಕೊಂಡಿದ್ದೇನೆ. ಅಮ್ಮ ಏನೂ ಹೇಳುವುದಿಲ್ಲವಂತೆ, ಎಣ್ಣೆ ಹಚ್ಚಿಕೊಂಡರೆ ಸಾಕಂತೆ.

ನಿನ್ನ
ಬಾಯಿಬಡುಕಿ

ವಿ.ಸೂ.: ಅಪ್ಪಾ, ಜೀಪಿನವರು ಹಾರ್ನ್ ಹೊಡೆಯುತ್ತಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಮಧ್ಯಾಹ್ನ ಕಚೇರಿಯಿಂದ ನಿನಗೆ ಫೋನ್ ಬಂತಲ್ಲ, ನೀರಿನಲ್ಲಿ ತೇಲುವ ಅಳತೆಯ ಚೆಂಡನ್ನು ಕೈಯಿಂದ ಮೆಲ್ಲಗೆ ಮೇಲೆತ್ತಿ ಎಂದು? ಯಾಕೆ, ಏನು ಎಂದು ಕೇಳದೆ ಎತ್ತಿದೆಯಂತೆ. ನೀನು ಎತ್ತುತ್ತಿದ್ದ ಹಾಗೆಯೇ ಇಲ್ಲಿ ಗಂಟೆ ಹೊಡೆಯಿತು. ಇಡೀ ಕಚೇರಿ ಎದ್ದು ನಿಂತಿತು, ನನಗೆ ಅಳುವೇ ಬಂದುಬಿಟ್ಟಿತು. ನಿನ್ನನ್ನು ಮನೆಗೆ ಕರೆಯುವ ಗಂಟೆಯನ್ನು ನೀನೇ ಹೊಡೆದಿದ್ದೀಯ. ನೀನು ಇಲ್ಲಿನ ಕಚೇರಿಗೆ ಬರಲು ಮೇಡಂ ಒಪ್ಪಿದ್ದಾರೆ. ಹಾಸಿಗೆ ಸುತ್ತಿಕೊಂಡು ಇದೇ ಜೀಪು ಹತ್ತಿ ಬಾ.