ಮುಂಗಾಲಿನ ನಡಿಗೆ

ಅಮ್ಮಾ,

ಇವತ್ತು ಮಧ್ಯಾಹ್ನ ಅಪ್ಪ ನನ್ನನ್ನು ನೀನೆಂದುಕೊಂಡರು.

ಕಣ್ಣು ಮಂಜಾಗಿ, ನೆನಪೂ ಮಸುಕಾದ ಮೇಲೆ ಅವರಿಗೆ ಮನೆಯೆಲ್ಲ ಕಿವಿಯಲ್ಲೇ. ನಾನು ಬರಿಗಾಲಲ್ಲಿ ನೀರು ತರುತ್ತಿದ್ದೆ. ಮಂಚದಿಂದಲೇ, "ಡ್ಯೂಟಿ ಮುಗೀತೇನೇ? ಕಾಲು ನೋಯ್ತಿರ್ಬೇಕು, ಕೂತ್ಕೋ ಬಾ" ಅಂದರು.

ಹೋಟೆಲಿನ ಕೌಂಟರಿನಲ್ಲಿ ಹೈ ಹೀಲ್ಸ್ ಮೆಟ್ಟಿ ನಿಂತು ನಿಂತು ನಿನ್ನ ಮೀನಖಂಡ ಬಿಗಿದುಹೋಗಿತ್ತಲ್ಲ. ಮನೆಯಲ್ಲೂ ಪುಟ್ಟ ಹೆಜ್ಜೆ, ಮೊದಲು ಮುಂಗಾಲು, ಹಿಮ್ಮಡಿ ನೆಲಕ್ಕೆ ಸೋಕಿಯೂ ಸೋಕದಂತೆ. ನಾನೂ ವರ್ಷಗಳಿಂದ ಬಾಗಿಲು ಹಾಕಿಕೊಂಡು, ನಿನ್ನ ಗೌನು ತೊಟ್ಟು, ನಿನ್ನ ಹೀಲ್ಸಿನಲ್ಲೇ ನಡೆದವನು. ಗೌನು ಕಳಚಿಡಬಹುದು, ನಡಿಗೆಯನ್ನು ಎಲ್ಲಿ ಕಳಚಿಡಲಿ?

"ಹ್ಞೂಂ, ಬಂದೆ" ಎಂದು ಪಕ್ಕದಲ್ಲಿ ಕೂತೆ. ಅಪ್ಪ ನನ್ನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಒತ್ತತೊಡಗಿದರು. ಬಿಸಿಲು ನೆಲದ ಮೇಲೆ ಮೆಲ್ಲನೆ ಸರಿಯುತ್ತಿತ್ತು. "ಪಾದ ದೊಡ್ಡದಾಗಿದ್ಯಲ್ಲೇ" ಎಂದು ನಕ್ಕು, ಹಾಗೇ ನಿದ್ದೆಹೋದರು.

ಸಂಜೆ, ಪೇಟೆಯ ದೊಡ್ಡ ಅಂಗಡಿಯಿಂದ ನೀನು ಕೊನೆಗೆ ತಂದ ಹೀಲ್ಸ್ ಜೋಡಿ ತೆಗೆದೆ. ಅದು ನಿನಗೆ ಸಡಿಲ. ನೀನು ತುದಿಗೆ ಹತ್ತಿ ತುರುಕಿಕೊಂಡು ಕೆಲಸಕ್ಕೆ ಹೋಗುತ್ತಿದ್ದೆ. "ನನ್ನ ಅಳತೇದು ಸಿಗ್ಲಿಲ್ಲ ಕಣೋ" ಅಂದಿದ್ದೆ. ಹತ್ತಿ ತೆಗೆದರೆ ನನ್ನ ಕಾಲಿಗೆ ಸರಿಯಾಗುತ್ತಿತ್ತು. ನಾನು ಮೆಟ್ಟಿ ನಡೆದು, ನಿನಗೆ ತಿಳಿಯದಂತೆ ಮತ್ತೆ ತುರುಕಿಡುತ್ತಿದ್ದೆ. ನೀನು ಹೋದ ಮೇಲೂ ಹಾಗೇ ಮಾಡುತ್ತಿದ್ದೆ. ಇವತ್ತು ಕೈ ತಡೆಯಿತು.

ಅಷ್ಟು ದೊಡ್ಡ ಅಂಗಡಿಯಲ್ಲಿ ನಿನ್ನ ಅಳತೆಯದು ಒಂದೂ ಇರಲಿಲ್ಲವೇ, ಅಮ್ಮಾ?