ಗಂಡನ ಊರಿನ ಕಾರ್ಡು ಎಲ್ಲಿಂದ ತರಲಿ?

ಆರೋಗ್ಯ ಇಲಾಖೆಯ ಮಾನ್ಯ ಅಧಿಕಾರಿಗಳೇ,

ತುಂಬಿದ ಬಸುರಿಯನ್ನು ನಿಮ್ಮ ಸರಕಾರಿ ಆಸ್ಪತ್ರೆಯವರು ಹೆಸರು ಬರೆಸುವ ಕಿಟಕಿಯಿಂದಲೇ ಎರಡು ಸಲ ಹಿಂದಕ್ಕೆ ಕಳಿಸಿದ್ದಾರೆ. ಇನ್ನೆಲ್ಲಿಗೆ ಕರೆದುಕೊಂಡು ಹೋಗಬೇಕೆಂದು ತಿಳಿಯದೆ, ಬ್ಲೌಸ್ ಹೊಲಿಯುವ ಮಷೀನು ಬದಿಗಿಟ್ಟು, ನಾಲ್ಕು ಜನ ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಅವಳ ಹೆಸರು ಸೆನುವಾರಾ. ಬರ್ಮಾದಲ್ಲಿ ಊರು ಸುಟ್ಟ ಮೇಲೆ ಗಂಡನ ಜೊತೆ ಗಡಿ ದಾಟಿ ಆಶ್ರಯ ಕೋರಿ ಬಂದವಳು. ಗಂಡ ಇಲ್ಲಿ ಕಬ್ಬು ಹೇರುವ ಕೆಲಸಕ್ಕೆ ಹೋಗುತ್ತಾನೆ, ಇಬ್ಬರೂ ನಮ್ಮ ಹಿತ್ತಲ ಖೋಲಿಯಲ್ಲಿದ್ದಾರೆ. ಅವಳ ಕೈಯಲ್ಲಿರುವುದು ವಿಶ್ವಸಂಸ್ಥೆಯವರು ಕೊಟ್ಟ ಒಂದು ಕಾರ್ಡು. ಕಿಟಕಿಯಲ್ಲಿ ಕೂತ ನಿಮ್ಮ ಸಿಬ್ಬಂದಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಇದು ನಡೆಯುವುದಿಲ್ಲ, ಆಧಾರ್ ತನ್ನಿ ಎಂದರು. ಜಗತ್ತಿನ ಸರಕಾರಗಳೆಲ್ಲ ಸೇರಿ ಕಟ್ಟಿದ ಸಂಸ್ಥೆಗಿಂತ ನಿಮ್ಮ ಕಿಟಕಿ ದೊಡ್ಡದೆಂದು ಅಂದೇ ಗೊತ್ತಾಯಿತು. ಅವಳ ಕಾಲು ಬಾತಿವೆ, ಕಣ್ಣು ಮಂಜಾಗುತ್ತವೆ. ನಮ್ಮ ಓಣಿಯ ನಿವೃತ್ತ ನರ್ಸಬಾಯಿ ಯಶೋಧಾ ಬಿಪಿ ನೋಡಿ, "ಇಕಿ ಹೆರಿಗಿ ಮನ್ಯಾಗ ಮಾಡಸಬ್ಯಾಡ್ರಿ, ಜೀವಕ್ಕ ಕುತ್ತು ಐತಿ" ಎಂದಿದ್ದಾರೆ. ಖಾಸಗಿ ದವಾಖಾನೆ ನಮ್ಮ ಕೈಗೆ ಎಟುಕುವುದಲ್ಲ.

ಎರಡನೆಯ ಸಲ ನಾನೇ ಒಂದು ಘನಕಾರ್ಯ ಮಾಡಿದೆ. ಬಸ್ಸಿನಲ್ಲೇ ಅವಳಿಗೆ ನನ್ನನ್ನು ಅಮ್ಮಾ ಎನ್ನಲು ಕಲಿಸಿದೆ. ಆ ದಿನ ಕಿಟಕಿಯಲ್ಲಿ ಬೇರೆಯವರು ಕೂತಿದ್ದರು. ಅವರ ಮುಂದೆ ನಿಂತವಳೇ, "ನನ್ನ ಮಗಳರೀ, ಚೊಚ್ಚಲ ಹೆರಿಗಿಗೆ ತವರಿಗೆ ಬಂದಾಳ" ಎಂದುಬಿಟ್ಟೆ. ತವರು ಎಂದ ಮೇಲೆ ನಮ್ಮ ಕಡೆ ಯಾರು ಏನು ಕೇಳುತ್ತಾರೆ, ಆ ಧೈರ್ಯ. ನಿಮ್ಮವರ ಮುಖವೂ ಅರಳಿತು. ಕುರ್ಚಿ ಕೊಡಿಸಿದರು. ಆಮೇಲೆ ಬಲು ಮೆತ್ತಗೆ, "ಹಂಗಾದ್ರ ಗಂಡನ ಊರಾಗ ಮಾಡಿಸಿದ ತಾಯಿ ಕಾರ್ಡ ಕೊಡ್ರಿ ಯವ್ವಾ. ತವರಿಗೆ ಬರೋರು ಅದನ್ನ ತಂದ ತರತಾರಲ್ಲ" ಎಂದರು.

ಗಂಡನ ಊರು! ಅಲ್ಲರೀ ಸಾಹೇಬರೇ, ಸುಟ್ಟು ಬೂದಿಯಾದ ಊರಿನಲ್ಲಿ ಯಾವ ಆಶಾ ಕಾರ್ಯಕರ್ತೆ ಕೂತು ಬಸುರಿಯರಿಗೆ ಕಾರ್ಡು ಬರೆದುಕೊಡುತ್ತಾಳೆ? ನಾನು ತಡವರಿಸಿದ್ದು ಕಂಡು ಅವರಿಗೆ ಸುಳ್ಳು ತಿಳಿದುಹೋಯಿತು. ಕನ್ನಡ ಬಾರದ ಸೆನುವಾರಾ ಮಾತ್ರ ಕುರ್ಚಿ ಸಿಕ್ಕಿದ್ದಕ್ಕೆ ಕೆಲಸವಾಯಿತೆಂದು ನಗುತ್ತ ಕೂತಿದ್ದಳು. ಅವಳನ್ನು ಎಬ್ಬಿಸುವಾಗ ನನಗೆ ಅಳು ಬಂತು. ಇನ್ನು ಆ ಕಿಟಕಿಗೆ ಯಾವ ಮುಖ ಇಟ್ಟುಕೊಂಡು ಹೋಗಲಿ?

ಕಾನೂನು ನನಗೆ ತಿಳಿಯದು. ನೋವು ಬಂದಾಗ ಕಾರ್ಡು ಕೇಳದೆ ಅವಳನ್ನು ಒಳಗೆ ಮಲಗಿಸಿಕೊಳ್ಳಿರೆಂದು ಆ ಕಿಟಕಿಗೆ ಒಂದು ಮಾತು ಹೇಳಿ. ಸುಳ್ಳು ಹೇಳಿದ್ದು ನಾನು, ಶಿಕ್ಷೆ ಇದ್ದರೆ ನನಗಿರಲಿ. ಆಗುವುದೇ ಇಲ್ಲವೆಂದರೆ ಅದನ್ನಾದರೂ ಹೇಳಿ. ಅವಳು ಬಟ್ಟೆಯ ಗಂಟು ಕಟ್ಟಿ ಬಾಗಿಲ ಹತ್ತಿರ ಇಟ್ಟುಕೊಂಡಿದ್ದಾಳೆ. ಯಾವಾಗ ಹೋಗೋಣ ಅಮ್ಮಾ ಎಂದು ಹರಕು ಹಿಂದಿಯಲ್ಲಿ ಕೇಳುತ್ತಾಳೆ. ಕಿಟಕಿಯ ಮುಂದಷ್ಟೇ ಅನ್ನು ಎಂದು ಕಲಿಸಿದ ಆ ಮಾತನ್ನು ಅವಳು ಈಗ ಬಿಡುತ್ತಿಲ್ಲ.

ಇಂತಿ,
ಸುಳ್ಳು ಹೇಳಿ ತಾಯಿಯಾದವಳು,
ರಾಜಮಾ
ಎಂ.ಕೆ. ಹುಬ್ಬಳ್ಳಿ